ಬಂಗಾಳಿ ಮಾತಾಡುವವರಿಗೆ ಬಾಡಿಗೆ ಕೊಡಬಹುದಾ?

ಸರ್, ನಿಟ್ಟುವಳ್ಳಿಯ ನಿಮ್ಮ ಕೆಳಗಿನ ಮನೆಗೆ ಟೈಲ್ಸ್ ಕೆಲಸದ ನಾಲ್ವರು ಬಂದಿದ್ದಾರೆ, ಅಕ್ಕಪಕ್ಕದವರು ಬಾಂಗ್ಲಾದವರು ಅಂತಿದ್ದಾರೆ, ಆಧಾರ್ ನೋಡಿದರೆ ಸಾಕಾ ಅಂತ ಕೇಳಿದ್ದೀರಿ.

ಸಾಲದು. ಆಧಾರ್ ಪೌರತ್ವದ ದಾಖಲೆ ಅಲ್ಲ, ಇಲ್ಲಿ ವಾಸ ಇರುವವರಿಗೆ ಕೊಡುವ ನಂಬರ್ ಅಷ್ಟೇ. ಹಾಗಂತ ಬಂಗಾಳಿ ಕೇಳಿದ ಕೂಡಲೇ ಬಾಂಗ್ಲಾ ಅನ್ನೋದು ದೊಡ್ಡ ತಪ್ಪು. ಬಂಗಾಳಿ ಮಾತಾಡುವ ಮಾಲ್ದಾ, ಮುರ್ಷಿದಾಬಾದ್ ನಮ್ಮ ಪಶ್ಚಿಮ ಬಂಗಾಳದ ಜಿಲ್ಲೆಗಳೇ ಅಲ್ವಾ? ನಮ್ಮ ಮನೆಗೆ ಟೈಲ್ಸ್ ಹಾಕಿದ ಹುಡುಗ ವೋಟರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೇಬಲ್ಲೇ ಇಟ್ಟುಕೊಂಡಿದ್ದ. ನಾನು ಕೇಳುವ ಮೊದಲೇ ತೆಗೆದು ತೋರಿಸಿದ. ನನಗೆ ತುಂಬಾ ಬೇಜಾರಾಯಿತು.

ಬಾಂಗ್ಲಾದಿಂದ ನುಸುಳುವಿಕೆ ಸುಳ್ಳಲ್ಲ. 4,096 ಕಿ.ಮೀ. ಗಡಿ, ನಡುವೆ ನದಿಗಳು, ಎಲ್ಲ ಕಡೆ ಬೇಲಿಯೂ ಇಲ್ಲ. ಆದರೆ ಅದನ್ನು ತಡೆಯುವುದು ಗಡಿ ಕಾಯುವ ಬಿಎಸ್‌ಎಫ್ ಕೆಲಸ, ಇಲ್ಲಿ ವಿಚಾರಿಸುವುದು ಪೊಲೀಸರ ಕೆಲಸ. ಓಣಿಯವರದ್ದಲ್ಲ.

ನೀವು ಕರಾರು ಪತ್ರ ಮಾಡಿಸಿ. ವೋಟರ್ ಕಾರ್ಡ್, ಆಧಾರ್ ಜೆರಾಕ್ಸ್, ಫೋಟೊ, ಮೇಸ್ತ್ರಿಯ ನಂಬರ್ ಸೇರಿಸಿ ಠಾಣೆಗೆ ಕೊಟ್ಟು ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಯಲ್ಲಿದೆ, ವಿದೇಶಿಯರನ್ನು ಇರಿಸಿಕೊಂಡವರು ಮಾಹಿತಿ ಕೊಡಬೇಕು. ಆ ಸೀಲ್ ಇದ್ದರೆ ನಿಮಗೂ ಧೈರ್ಯ, ಹುಡುಗರಿಗೂ ಧೈರ್ಯ.

ಕರಾರನ್ನು ಅವರಿಗೆ ಹಿಂದಿಯಲ್ಲಿ ಓದಿ ಹೇಳಿ ಸರ್, ಸುಮ್ನೆ ಸಹಿ ಹಾಕಿಸಬೇಡಿ.