"ಓದಿಕೊಂಡು ಬನ್ನಿ" ಬೇಡ, "ಬಂದು ಓದಿ" ಅನ್ನಿ

ಪ್ರಶ್ನೆ: ಮೇಡಂ, ದಾವಣಗೆರೆಯ ವಿದ್ಯಾನಗರದಲ್ಲಿ ನಾವು ಏಳೆಂಟು ಜನ ಸೇರಿ ಓದುಗರ ಬಳಗ ಶುರು ಮಾಡಿದೆವು. ತಿಂಗಳಿಗೊಂದು ಕಾದಂಬರಿ ಓದಿಕೊಂಡು ಬಂದು ಚರ್ಚೆ ಮಾಡುವುದು ಅಂತ ಮಾತಾಗಿತ್ತು. ಮೊದಲ ಸಲ ಎಲ್ಲರೂ ಬಂದರು. ಆಮೇಲೆ "ಓದೋಕೆ ಆಗಲಿಲ್ಲ" ಅಂತ ಒಬ್ಬೊಬ್ಬರೇ ಬಿಟ್ಟರು. ಈಗ ಉಳಿದಿರುವುದು ಮೂವರು. ಮುಂದುವರಿಸೋಣವೇ, ನಿಲ್ಲಿಸೋಣವೇ?
– ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ಖಂಡಿತ ನಿಲ್ಲಿಸಬೇಡಿ. ಮೂವರು ಸಾಕು. ಆದರೆ ಆ ಒಂದು ಶರತ್ತನ್ನು ಮಾತ್ರ ತೆಗೆದುಬಿಡಿ. ಬ್ಯಾಂಕಿನಿಂದ, ಅಂಗಡಿಯಿಂದ, ಅಡುಗೆಮನೆಯಿಂದ ಬರುವವರಿಗೆ ತಿಂಗಳಿಗೆ ಮುನ್ನೂರು ಪುಟ ಜಾಸ್ತಿಯೇ. ಮುಗಿಸದವರಿಗೆ ಮುಖ ತೋರಿಸಲು ಸಂಕೋಚ. ಹಾಗಾಗಿ ಬರುವುದೇ ಇಲ್ಲ. ಅವರಿಗೆ ಪುಸ್ತಕದ ಮೇಲೆ ಆಸೆ ಇಲ್ಲ ಅಂತ ದಯವಿಟ್ಟು ತಿಳಿಯಬೇಡಿ.

ಸೇರಿದ ಜಾಗದಲ್ಲೇ ಗಟ್ಟಿಯಾಗಿ ಓದಿ. ಒಬ್ಬರು ಎರಡು ಪುಟ, ಪಕ್ಕದವರು ಎರಡು ಪುಟ. ಓದಲು ಇಷ್ಟವಿಲ್ಲದವರು ಸುಮ್ನೆ ಕೇಳಲಿ. ಇದೇನೂ ನಮಗೆ ಹೊಸದಲ್ಲ. ಊರೂರಿನ ಗುಡಿ ಕಟ್ಟೆಯ ಮೇಲೆ ಕುಮಾರವ್ಯಾಸ ಭಾರತ, ಜೈಮಿನಿ ಭಾರತ ಉಳಿದದ್ದೇ ಹೀಗೆ ಅಲ್ವಾ? ಒಬ್ಬರು ವಾಚನ ಮಾಡುತ್ತಿದ್ದರು, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುತ್ತಿದ್ದರು. ಅಕ್ಷರ ಬಾರದವರ ಬಾಯಲ್ಲೂ ಪದ್ಯಗಳು ಇರುತ್ತಿದ್ದವು.

ನಿಟ್ಟುವಳ್ಳಿಯಲ್ಲಿ ನಮ್ಮದೂ ಒಂದು ಬಳಗ ಇದೆ. ಭಾನುವಾರ ಬೆಳಿಗ್ಗೆ ಸ್ನೇಹಿತೆಯ ಮನೆಯ ಪಡಸಾಲೆಯಲ್ಲಿ ಸೇರುತ್ತೇವೆ. ಈಗ ತ.ರಾ.ಸು. ಅವರ 'ದುರ್ಗಾಸ್ತಮಾನ' ನಡೆದಿದೆ. ಅವರು 1920ರಲ್ಲಿ ಹುಟ್ಟಿದ್ದು ಇಲ್ಲೇ ಮಲೇಬೆನ್ನೂರಿನಲ್ಲಿ. 1984ರಲ್ಲಿ ತೀರಿಕೊಂಡರು. ಮರುವರ್ಷ ಇದೇ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದಪ್ಪ ಪುಸ್ತಕ. ಮನೆಯಲ್ಲಿ ಒಬ್ಬರೇ ಹಿಡಿಯಲು ಎಷ್ಟೋ ಜನ ಹಿಂಜರಿಯುತ್ತಾರೆ. ವಾರಕ್ಕೆ ಒಂದು ತಾಸಿನಂತೆ ಓದಿದರೆ ಅದು ಯಾರಿಗೂ ಭಾರವಲ್ಲ.

ನಮ್ಮಲ್ಲಿಗೆ ಹೊಲಿಗೆ ಕೆಲಸದ ಒಬ್ಬ ಹೆಣ್ಣುಮಗಳು ಬರುತ್ತಾರೆ. ಓದುವುದಿಲ್ಲ, ಕೇಳುತ್ತಾರೆ. ಹೈದರಾಲಿಯ ಮುತ್ತಿಗೆಯ ಭಾಗ ಬಂದಾಗ ಅವರು ಕೇಳಿದರು: "ಅಷ್ಟು ಜನ ಕೋಟೆ ಒಳಗೇ ಇದ್ರಲ್ಲ, ಕುಡಿಯೋ ನೀರಿಗೇನು ಮಾಡಿದ್ರು?" ಅಲ್ಲಿಯವರೆಗೆ ಮದಕರಿನಾಯಕನ ಶೌರ್ಯವನ್ನೇ ಮಾತಾಡುತ್ತಿದ್ದ ನಾವೆಲ್ಲ ನೀರಿನ ಕಡೆ ತಿರುಗಿದೆವು. ಒಂದು ಭಾನುವಾರ ಬಸ್ಸು ಹತ್ತಿ ಚಿತ್ರದುರ್ಗಕ್ಕೇ ಹೋದೆವು. ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ, ಅದರ ಕೆಳಗೆ ಅಕ್ಕ ತಂಗಿ ಹೊಂಡ. ಮೇಲಿನದು ತುಂಬಿದರೆ ನೀರು ಕೆಳಗಿನದಕ್ಕೆ ಹರಿಯುತ್ತದೆ. ಹೀಗೆಯೇ ಇಳಿಯುತ್ತಾ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಆ ಹೆಣ್ಣುಮಗಳ ಪ್ರಶ್ನೆಗೆ ಉತ್ತರ ಕಲ್ಲಿನಲ್ಲೇ ಇತ್ತು. ಪುಸ್ತಕ ಓದಿಕೊಂಡು ಬರಬೇಕು ಅಂತ ನಿಯಮ ಇದ್ದಿದ್ದರೆ ಅವರು ನಮ್ಮ ಪಡಸಾಲೆಗೆ ಬರುತ್ತಲೇ ಇರಲಿಲ್ಲ.

ಇದರಲ್ಲಿ ಇನ್ನೊಂದು ಅನುಕೂಲ ಇದೆ. ಲೈಬ್ರರಿಯಲ್ಲಿ ಒಂದೇ ಪ್ರತಿ ಇದ್ದರೂ ಸಾಕು, ಎಂಟು ಪ್ರತಿ ಹುಡುಕುವ ಗೋಜಿಲ್ಲ. ದಿನ, ಹೊತ್ತು ಮಾತ್ರ ಬದಲಿಸಬೇಡಿ. ಬಾರದವರಿಗೆ "ಇವತ್ತು ಇಲ್ಲಿಗೆ ನಿಂತಿದೆ" ಅಂತ ಪುಟದ ಸಂಖ್ಯೆಯನ್ನು ವಾಟ್ಸಾಪ್ ಮಾಡಿ. ಬಿಟ್ಟುಹೋದ ಆ ನಾಲ್ಕೈದು ಜನಕ್ಕೂ ಈ ವಾರವೇ ಕಳಿಸಿ ನೋಡಿ.

ಪ್ರಶ್ನೆ: ನಮ್ಮ ಊರಿನ ಪಂಚಾಯತಿ ಲೈಬ್ರರಿಗೆ ಪೇಪರ್ ಓದುವವರು, ಪರೀಕ್ಷೆಗೆ ಓದುವ ಹುಡುಗರು ಬಿಟ್ಟರೆ ಯಾರೂ ಹೋಗುವುದಿಲ್ಲ. ನನ್ನ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಬಹುದೇ?
– ಶಿಕ್ಷಕಿ, ಹೊಳಲ್ಕೆರೆ ತಾಲ್ಲೂಕು

ಉತ್ತರ: ಧಾರಾಳವಾಗಿ ಹೋಗಿ. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. ಈಗ ಬೋರ್ಡಿನ ಮೇಲೆ ಅರಿವು ಕೇಂದ್ರ ಅಂತಲೂ ಇರುತ್ತದೆ. 2020ರ ನವೆಂಬರ್‌ನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಾ ಬಂದಿದ್ದಾರೆ. ಮೇಲ್ವಿಚಾರಕರನ್ನು ಕಂಡು ಇಡೀ ತರಗತಿಯನ್ನು ಒಟ್ಟಿಗೇ ನೋಂದಾಯಿಸಿ. ಕಾರ್ಡಿನ ಮೇಲೆ ತನ್ನ ಹೆಸರು ನೋಡಿದ ಮಗುವಿನ ಹಿಗ್ಗನ್ನು ನೀವೇ ಕಾಣುತ್ತೀರಿ.

ಮಕ್ಕಳ ಪುಸ್ತಕ ಕಡಿಮೆ ಇದ್ದರೆ ಬೇಕಾದ ಪುಸ್ತಕಗಳ ಪಟ್ಟಿ ಬರೆದು ಪಂಚಾಯತಿಗೆ ಕೊಡಿ, ಗ್ರಾಮಸಭೆಯಲ್ಲೂ ಓದಿ ಹೇಳಿ. ಕೇಳಲು ಹಿಂಜರಿಕೆ ಬೇಡ. 1965ರ ಗ್ರಂಥಾಲಯ ಕಾಯ್ದೆಯಂತೆ ಮನೆ ಕಂದಾಯದ ಜೊತೆ ಶೇ. 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಮನೆಯ ರಸೀದಿ ತೆಗೆದು ನೋಡಿ. ಆ ಕಪಾಟಿನಲ್ಲಿ ನಿಮ್ಮ ಮಕ್ಕಳ ಅಪ್ಪ ಅಮ್ಮಂದಿರ ದುಡ್ಡೂ ಇದೆ. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಆ ವಾರ ಭಾಷಣಕ್ಕಿಂತ ಮಕ್ಕಳಿಂದಲೇ ಕಥೆ ಓದಿಸಿ, ಊರಿನ ಹಿರಿಯರನ್ನು ಕೇಳಲು ಕರೆಯಿರಿ.

ಪ್ರಶ್ನೆ: ತೀರಿಕೊಂಡ ನಮ್ಮ ತಂದೆಯವರ ಪುಸ್ತಕಗಳನ್ನು ಲೈಬ್ರರಿಗೆ ಕೊಡಬೇಕೆಂದಿದ್ದೇನೆ. ಹೇಗೆ ಕೊಡಲಿ?
– ಹರಿಹರ

ಉತ್ತರ: ಮೂಟೆ ಕಟ್ಟಿ ಬಾಗಿಲಲ್ಲಿ ಇಟ್ಟು ಬರಬೇಡಿ. ಮೊದಲು ಪಟ್ಟಿ ಮಾಡಿ ಗ್ರಂಥಪಾಲಕರಿಗೆ ತೋರಿಸಿ. ಅವರಲ್ಲಿ ಇಲ್ಲದ್ದನ್ನು ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ಹಳೆಯ ಗೈಡು, ಪಠ್ಯಪುಸ್ತಕ ಬೇಡ. ಹುಳ ಹಿಡಿದಿದ್ದರೆ ಅದನ್ನಂತೂ ಕೊಡಲೇಬೇಡಿ, ಅಲ್ಲಿನ ಒಳ್ಳೆಯ ಪುಸ್ತಕಕ್ಕೂ ಹತ್ತುತ್ತದೆ. ಒಮ್ಮೆ ರಿಜಿಸ್ಟರಿಗೆ ಹತ್ತಿ ಸೀಲು ಬಿದ್ದ ಮೇಲೆ ವಾಪಸ್ ಸಿಗುವುದಿಲ್ಲ. ಆದ್ದರಿಂದ ತಂದೆಯವರು ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಪುಸ್ತಕಗಳಿದ್ದರೆ ಅವನ್ನು ಮನೆಯಲ್ಲೇ ಇಟ್ಟುಕೊಳ್ಳಿ.