ಮುಧೋಳದ ಕಬ್ಬಿನ ಹೊಲದ ಪೈಪಿನ ಪ್ರಶ್ನೆಗೆ

ನಮಸ್ಕಾರ್ರೀ. ಬೋರಿನಿಂದ ಹೊಲಕ್ಕೆ 2000 ಅಡಿ, 63 ಎಂಎಂ ಪಿವಿಸಿ ಹಾಕುತ್ತೀರಿ. ಅಂಗಡಿಯವರು 'ಒಳಗೆ ಕನ್ನಡಿಯಂಥ ನುಣುಪು' ಅಂತ ದುಬಾರಿ ಪೈಪ್ ತೋರಿಸಿದ್ದಾರೆ, ಅದರಲ್ಲಿ ನೀರು ಜಾಸ್ತಿ ಬರುತ್ತಾ ಅಂತ ಕೇಳಿದ್ದೀರಿ. ಬರಲ್ಲ, ಬಂದರೂ ಗೊತ್ತಾಗದಷ್ಟು.

ಹೊಸ ಪಿವಿಸಿಯ ಒಳಮೈ ಮೊದಲೇ ನುಣುಪು. ಲೆಕ್ಕದಲ್ಲಿ ಅದರ ಒರಟುತನ 0.0015 ಎಂಎಂ ಅಂತ ಹಿಡಿಯುತ್ತಾರೆ, ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನದು 0.15. ಅಂದರೆ ನೂರು ಪಟ್ಟು. ಇನ್ನೂ ನುಣುಪು ಮಾಡಿ ಏನು ಸಿಗುತ್ತೆ?

ದುಡ್ಡು ಹಾಕುವುದಾದರೆ ದೊಡ್ಡ ಅಳತೆಯ ಪೈಪಿಗೆ ಹಾಕಿ. ಸೆಕೆಂಡಿಗೆ 3 ಲೀಟರ್ ಹರಿದರೆ ನಿಮ್ಮ 63ರ ಪೈಪಿನಲ್ಲಿ ತಿಕ್ಕಾಟಕ್ಕೇ ಸುಮಾರು 45 ಅಡಿ ಒತ್ತಡ ಹೋಗುತ್ತೆ, ಅಂದರೆ ನೀರನ್ನು ಅಷ್ಟು ಎತ್ತರಕ್ಕೆ ಏರಿಸುವಷ್ಟು. 75ರಲ್ಲಿ 20 ಅಡಿ ಒಳಗೇ. ಮೋಟರಿಗೆ ಅಷ್ಟು ಹಗುರ ಅಲ್ವಾ?

ಒರಟು ನಿಜವಾಗಿ ಹುಟ್ಟುವುದು ಜೋಡಣೆಯಲ್ಲಿ. ಗರಗಸದಿಂದ ಕೊಯ್ದ ತುದಿಯಲ್ಲಿ ಬೆರಳಾಡಿಸಿ ನೋಡಿ, ಒಳಗಡೆ ಚೂರುಗಳು ಎದ್ದಿರುತ್ತವೆ. ಚಾಕುವಿನಿಂದ ಕೆರೆದು, ಒರೆಸಿ, ಆಮೇಲೆ ಸಲ್ಯೂಷನ್ (ಪೈಪ್ ಅಂಟಿಸುವ ಗೋಂದು) ಹಚ್ಚಿ. ಅದೂ ತೆಳ್ಳಗೆ. ಜಾಸ್ತಿ ಬಳಿದರೆ ಒಳಗೆ ಉಂಡೆಗಟ್ಟಿ ಕೂರುತ್ತೆ, ಕಸ ಅಲ್ಲೇ ಸಿಕ್ಕಿಕೊಳ್ಳುತ್ತೆ. ಕೆಲಸದವರು ಅವಸರ ಮಾಡುತ್ತಾರೆ, ನೀವೇ ಪಕ್ಕದಲ್ಲಿ ನಿಂತಿರಿ.

ಇನ್ನೊಂದು ಮಾತು. ಬೋರಿನ ನೀರು ಗಡಸಾಗಿದ್ದರೆ ವರ್ಷಗಳು ಕಳೆದಂತೆ ಒಳಗೆ ಬಿಳಿ ಸುಣ್ಣದ ಪದರ ಕಟ್ಟುತ್ತೆ. ಆಗ ಮೈಯೂ ಒರಟು, ದಾರಿಯೂ ಕಿರಿದು. ಯಾವ ಕಂಪನಿ ಪೈಪಾದರೂ ಅಷ್ಟೇ. ಡ್ರಿಪ್ ಹಾಕಿದ್ದರೆ ಅದು ಮೊದಲು ಕಾಣುವುದು ಡ್ರಿಪ್ಪರ್ ಬಾಯಲ್ಲಿ. ನೀರು ಒಮ್ಮೆ ಪರೀಕ್ಷೆ ಮಾಡಿಸಿ. ಲೈನಿನ ಕೊನೆಗೆ ತೆಗೆದು ತೊಳೆಯಲು ಒಂದು ಎಂಡ್ ಕ್ಯಾಪ್ ಇಡಿಸಿ, ಸುಮ್ನೆ ಮುಚ್ಚಿ ಹೂಳಬೇಡಿ.