ಲಂಗೋಟಿ ಲೆಕ್ಕಕ್ಕೆ ನೀರನ್ನೂ ಸೇರಿಸಿ

ಓದುಗರ ಪ್ರಶ್ನೆ, ಕೋಲಾರದ ನಿವೃತ್ತ ವಿಜ್ಞಾನ ಶಿಕ್ಷಕಿಯೊಬ್ಬರ ಉತ್ತರ

ಪ್ರಶ್ನೆ: ಮೇಡಂ, ಮಗಳಿಗೆ ಎಂಟು ತಿಂಗಳು. ಮದುವೆಯಾದಾಗಿನಿಂದ ನಮ್ಮ ಮನೆಯಿಂದ ಕಸದ ಗಾಡಿಗೆ ಹೋಗುತ್ತಿದ್ದದ್ದು ವಾರಕ್ಕೊಂದು ಸಣ್ಣ ಚೀಲ, ಅಷ್ಟೇ. ಬಾಲ್ಕನಿಯಲ್ಲಿ ಮೂರು ಮಡಕೆ ಇಟ್ಟು ಗೊಬ್ಬರ ಮಾಡುತ್ತಿದ್ದೆ. ಬಟ್ಟೆ ಚೀಲ ಇಲ್ಲದೆ ಮಾರ್ಕೆಟ್ಟಿಗೆ ಹೋದವಳಲ್ಲ, ಹೋಟೆಲಿಗೂ ಸ್ಟೀಲ್ ಡಬ್ಬಿ ಒಯ್ಯುತ್ತಿದ್ದೆ. ಬಾಣಂತನ ಅಮ್ಮನ ಮನೆಯಲ್ಲಿ, ಐದು ತಿಂಗಳು ಹಳೇ ಪಂಚೆಯ ಲಂಗೋಟಿಯಲ್ಲೇ ಕಳೆಯಿತು. ರಜೆ ಮುಗಿದು ಕೆಲಸಕ್ಕೆ ಹೊರಟ ಮೇಲೆ ಆಗುತ್ತಿಲ್ಲ. ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ, ನೀರು ಟ್ಯಾಂಕರಿನದು. ಈಗ ದಿನಕ್ಕೆ ನಾಲ್ಕೈದು ಡೈಪರ್. ಅವನ್ನು ಕಪ್ಪು ಕವರಿನಲ್ಲಿ ಕಟ್ಟಿ, ಕೆಳಗಿನ ಮನೆಯವರ ಕಣ್ಣಿಗೆ ಬೀಳದ ಹಾಗೆ ಬೆಳಗ್ಗೆ ಐದೂವರೆಗೇ ಗೇಟಿನ ಹತ್ತಿರ ಇಟ್ಟು ಬರುತ್ತೇನೆ. ಕಸ ಬೇರೆ ಮಾಡಿ ಅಂತ ಅವರಿಗೆ ಪಾಠ ಹೇಳಿದವಳು ನಾನೇ! ಮಡಕೆಯಲ್ಲಿ ಹುಳ ಬಿದ್ದಿದೆ. ಯಜಮಾನರು "ಇದನ್ನೆಲ್ಲ ಮಾಡು ಅಂತ ನಿನಗೆ ಯಾರು ಹೇಳಿದ್ದು" ಅಂತಾರೆ. ಅತ್ತೆ "ನಮ್ಮ ಕಾಲದಲ್ಲಿ ಡೈಪರ್ ಎಲ್ಲಿತ್ತು" ಅಂತಾರೆ. ನಾನು ಸೋತುಬಿಟ್ಟೆನಾ?
(ಹೆಸರು ಬೇಡ, ಕೋಲಾರ)

ಉತ್ತರ: ಐದೂವರೆಗೆ ಎದ್ದು ಕಸ ಬಚ್ಚಿಡುವುದನ್ನು ಮೊದಲು ನಿಲ್ಲಿಸಿ ತಾಯಿ. ಆ ಅರ್ಧ ಗಂಟೆ ಮಲಗಿ. ಎಂಟು ತಿಂಗಳ ಮಗುವಿನ ತಾಯಿಗೆ ನಿದ್ದೆಗಿಂತ ದೊಡ್ಡ ಪರಿಸರ ಕಾರ್ಯಕ್ರಮ ಯಾವುದೂ ಇಲ್ಲ.

ನಿಮ್ಮ ಅತ್ತೆಯವರ "ನಮ್ಮ ಕಾಲ" ನನ್ನ ಕಾಲವೂ ಹೌದು, ಅದಕ್ಕೇ ಆ ಮಾತು ಬಿಚ್ಚಿಯೇ ಹೇಳುತ್ತೇನೆ. ನನ್ನ ದೊಡ್ಡ ಮಗನ ಬಾಣಂತನ ಮುಳಬಾಗಿಲಿನ ಕಡೆಯ ಹಳ್ಳಿಯಲ್ಲಾಯಿತು. ತಾತನ ಪಂಚೆ ಹರಿದು ಎರಡು ಡಜನ್ ಲಂಗೋಟಿ, ಸೀರೆಯ ಜೋಲಿ, ಹಳೇ ಸೀರೆ ಮಡಿಸಿ ಹೊಲಿದ ಹಾಸಿಗೆ. ಮನೆಯಿಂದ ಆಚೆಗೆ ಹೋಗುವ ಕಸ ಅಂತ ಇರಲೇ ಇಲ್ಲ, ಎಲ್ಲ ತಿಪ್ಪೆಗೆ. ಆದರೆ ಆ ಲಂಗೋಟಿಗಳಲ್ಲಿ ಒಂದನ್ನಾದರೂ ನಾನು ಒಗೆದೆನೇ? ಇಲ್ಲ. ಊರ ಕೊನೆಯ ಮನೆಯಿಂದ ಒಬ್ಬಾಕೆ ಬಂದು, ಗಂಟು ಕಟ್ಟಿ, ತಲೆ ಮೇಲೆ ಹೊತ್ತು ಕೆರೆಗೆ ಒಯ್ಯುತ್ತಿದ್ದಳು. ಸಂಜೆ ಒಣಗಿಸಿ ಮಡಿಸಿ ತರುತ್ತಿದ್ದಳು. ಅವಳಿಗೆ ಸಲ್ಲುತ್ತಿದ್ದದ್ದು ಮೊರದಲ್ಲಿ ಅಳೆದ ರಾಗಿ. ಅವಳಿಗೂ ಕೈಗೂಸು ಇತ್ತು. ಆ ಕೂಸಿನ ಬಟ್ಟೆ ಯಾರು ಒಗೆಯುತ್ತಿದ್ದರು ಅಂತ ನಾನು ಒಂದು ದಿನವೂ ಕೇಳಲಿಲ್ಲ. ಕಸವಿಲ್ಲದ ಆ ಮನೆ ನಿಂತಿದ್ದದ್ದು ಅವಳ ಸೊಂಟದ ಮೇಲೆ.

ಮಗಳು ಹುಟ್ಟುವಾಗ ಕೋಲಾರಕ್ಕೆ ಬಂದಿದ್ದೆವು. ಆಗ ಸೊಂಟ ನನ್ನದೇ. ಬೀದಿ ನಲ್ಲಿಯಲ್ಲಿ ಕೊಡದ ಸಾಲು. ಶಾಲೆಗೆ ಹೋಗುವ ಮುಂಚೆ ಬಚ್ಚಲಲ್ಲಿ ಕೂತು ಕುಕ್ಕಬೇಕು. ನಮ್ಮ ಮನೆಯವರು ಒಳ್ಳೆಯ ಮನುಷ್ಯರೇ, ಆದರೆ ಲಂಗೋಟಿ ಮುಟ್ಟಿದ್ದು ನಾನು ನೋಡಲಿಲ್ಲ. ಅದಕ್ಕೇ ಯಾರಾದರೂ "ಹಿಂದಿನವರು ಎಷ್ಟು ಪರಿಸರಸ್ನೇಹಿ" ಅಂದಾಗ ನನಗೆ ಮೊದಲು ಬರುವ ಪ್ರಶ್ನೆ: ಒಗೆದವರು ಯಾರು?

ಈಗ ನಿಮ್ಮ ಮನೆಗೆ ಬರೋಣ. ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಮರುಬಳಕೆಯಲ್ಲಿ ನಮ್ಮನ್ನು ಮೀರಿಸಿದವರು ಯಾರಿದ್ದಾರೆ ಹೇಳಿ! ಇಂಥ ಊರಲ್ಲಿ ಡೈಪರ್ ಕೆಟ್ಟದ್ದು, ಬಟ್ಟೆ ಒಳ್ಳೆಯದು ಅಂತ ಕಸದ ಬುಟ್ಟಿ ಒಂದನ್ನೇ ನೋಡಿ ತೀರ್ಮಾನಿಸಬಾರದು. ಮೊಮ್ಮಗ ಬಂದಾಗ ನಾನೇ ಅಳೆದು ನೋಡಿದ್ದೇನೆ. ಎಂಟು ಲಂಗೋಟಿ, 15 ಲೀಟರಿನ ಬಕೆಟ್ಟು: ನೆನೆಸಲು ಒಂದು, ಒಗೆದು ಜಾಲಿಸಲು ಎರಡು. ದಿನಕ್ಕೆ 45 ಲೀಟರ್. ಟ್ಯಾಂಕರ್ ನೀರಿನ ಮನೆಗೆ ಇದು ಸಣ್ಣ ಮಾತಲ್ಲ.

ಇಂಗ್ಲೆಂಡಿನ ಪರಿಸರ ಏಜೆನ್ಸಿಯವರು 2008ರಲ್ಲಿ ಇದೇ ಲೆಕ್ಕ ಹಾಕಿದ್ದರು. ಒಂದು ಮಗುವಿಗೆ ಎರಡೂವರೆ ವರ್ಷ ಡೈಪರ್ ಹಾಕಿದರೆ ಬೀಳುವ ಇಂಗಾಲದ ಹೊರೆ ಸುಮಾರು 550 ಕಿಲೋ. ಬಟ್ಟೆಯದು ಸುಮಾರು 570! ಯಾಕೆಂದರೆ ಅಲ್ಲಿ ಬಿಸಿನೀರಲ್ಲಿ ಒಗೆಯುತ್ತಾರೆ, ಎಷ್ಟೋ ಮನೆಗಳಲ್ಲಿ ಮಷೀನಿನಲ್ಲೇ ಒಣಗಿಸುತ್ತಾರೆ. ಹಗ್ಗದ ಮೇಲೆ ಒಣಗಿಸಿ, ಮಷೀನು ತುಂಬಿದ ಮೇಲೆಯೇ ಒಗೆದು, ಅದೇ ಬಟ್ಟೆಯನ್ನು ಎರಡನೇ ಮಗುವಿಗೂ ಬಳಸಿದರೆ ಬಟ್ಟೆಯ ಲೆಕ್ಕದಲ್ಲಿ 200 ಕಿಲೋದಷ್ಟು ಇಳಿಯುತ್ತದೆ ಅಂತಲೂ ಅದೇ ವರದಿ ಹೇಳಿತು. ಅಂದರೆ ಬಟ್ಟೆಯೋ ಡೈಪರೋ ಅನ್ನುವುದಕ್ಕಿಂತ ಹೇಗೆ ಒಗೆದಿರಿ, ಹೇಗೆ ಒಣಗಿಸಿದಿರಿ ಅನ್ನುವುದೇ ದೊಡ್ಡದು. ನಮಗೆ ಬಿಸಿಲು ಬಿಟ್ಟಿ. ನೀರು ಬಿಟ್ಟಿಯಲ್ಲ.

ಆದ್ದರಿಂದ ಹೀಗೆ ಮಾಡಿ ನೋಡಿ. ರಾತ್ರಿ, ಮತ್ತೆ ನೀವು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಡೈಪರ್, ನಾಚಿಕೆಯಿಲ್ಲದೆ. ಸಂಜೆ ನೀವು ಬಂದ ಮೇಲೆ, ಭಾನುವಾರ ಇಡೀ ದಿನ ಲಂಗೋಟಿ. ಐದು ಡೈಪರ್ ಮೂರಕ್ಕೆ ಇಳಿದರೆ ತಿಂಗಳಿಗೆ ಅರವತ್ತು ಉಳಿಯಿತು. ಇಂದು ಕೊನೆಗೆ ಜಾಲಿಸಿದ ನೀರನ್ನು ಚೆಲ್ಲಬೇಡಿ, ನಾಳೆ ನೆನೆಸಲು ಅದೇ ಸಾಕು. ನೆನೆಸಿದ ಕೊಳೆ ನೀರು ಕಕ್ಕಸಿಗೆ, ಅಲ್ಲಿಗೆ ಒಂದು ಫ್ಲಶ್ಶಿನ ನೀರೂ ಉಳಿಯಿತು. ಆದರೆ ಒಂದು ಮಾತು, ಇದನ್ನು ಶಾಲೆಯ ದನಿಯಲ್ಲೇ ಹೇಳುತ್ತೇನೆ: ತೆವಳುವ ಮಗು ಇರುವ ಮನೆಯಲ್ಲಿ ನೀರು ತುಂಬಿದ ಬಕೆಟ್ಟು ನೆಲದ ಮೇಲೆ ಇರಕೂಡದು. ನಾಲ್ಕು ಬೆರಳು ನೀರೂ ಅಪಾಯವೇ. ಬಚ್ಚಲ ಬಾಗಿಲಿಗೆ ಮೇಲಿನ ಚಿಲಕ ಹಾಕಿ.

ಲಂಗೋಟಿ ಹಪ್ಪಳದ ಹಾಗೆ ಗಡುಸಾಗುತ್ತದೆ, ನೀರೂ ಹೀರುವುದಿಲ್ಲ ಅಂತ ಹಲವರು ಬರೆಯುತ್ತಾರೆ. ತಪ್ಪು ಬಟ್ಟೆಯದಲ್ಲ, ನಮ್ಮ ಬೋರ್‌ವೆಲ್ ನೀರಿನದು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ನೊರೆಯಾಗುವ ಬದಲು ಬಿಳಿ ಜಿಡ್ಡಾಗುತ್ತದೆ. ಬಕೆಟ್ಟಿನ ಅಂಚಿಗೆ ಕಟ್ಟುತ್ತದಲ್ಲ, ಅದೇ ಜಿಡ್ಡು ನೂಲಿನ ಸಂದಿಯಲ್ಲೂ ಕೂರುತ್ತದೆ. ನೆನೆಸುವ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ, ಸಾಬೂನು ಅರ್ಧ ಸಾಕಾಗುತ್ತದೆ. ಕೊನೆಗೆ ಚೆನ್ನಾಗಿ ಜಾಲಿಸಿ, ಇಲ್ಲದಿದ್ದರೆ ಮಗುವಿನ ಚರ್ಮ ಕೆಂಪಾಗುತ್ತದೆ. ಬಟ್ಟೆ ಮೆತ್ತಗೆ ಮಾಡುವ ಘಮಘಮ ದ್ರವ ಬೇಡವೇ ಬೇಡ. ಅದು ನೂಲಿಗೆ ಲೇಪವಾಗಿ ಹೀರುವ ಗುಣವನ್ನೇ ಕೊಲ್ಲುತ್ತದೆ.

ಇನ್ನು ಯಾರು ಒಗೆಯಬೇಕು? "ಯಾರು ಹೇಳಿದ್ದು" ಅಂತ ಕೇಳುವ ಯಜಮಾನರು. ಮಗು ಇಬ್ಬರದು. ಮೊದಲ ವಾರ ಮೂಗು ಮುಚ್ಚಿಕೊಳ್ಳುತ್ತಾರೆ, ಎರಡನೇ ವಾರ ಸರಿಹೋಗುತ್ತಾರೆ. ಅವರು ಒಗೆಯುವುದಿಲ್ಲವೆಂದರೆ ಐದಕ್ಕೆ ಐದೂ ಡೈಪರ್ ಆಗಲಿ. ನಿಮ್ಮ ಸೊಂಟ ಅದಕ್ಕಿಂತ ದೊಡ್ಡದು.

ಡೈಪರ್ ಬಿಸಾಡುವ ಕ್ರಮ ಮಾತ್ರ ನಿಮ್ಮ ಕೈಯಲ್ಲೇ ಇದೆ. ಅದರ ಹೊರಮೈ ಪ್ಲಾಸ್ಟಿಕ್, ಒಳಗೆ ಮರದ ತಿರುಳು, ಜೊತೆಗೆ ಸೋಡಿಯಂ ಪಾಲಿಅಕ್ರಿಲೇಟ್ ಅನ್ನುವ ಪುಡಿ. ಈ ಪುಡಿಯೇ ಒದ್ದೆಯನ್ನು ಹೀರಿ ಜೆಲ್ಲಿಯಾಗುವುದು. (ಮಗಳ ಮನೆಯಲ್ಲಿ ಒಮ್ಮೆ ಡೈಪರ್ ಬಟ್ಟೆಗಳ ಜೊತೆ ವಾಷಿಂಗ್ ಮಷೀನಿಗೆ ಬಿದ್ದು, ಡ್ರಮ್ಮಿನ ತುಂಬ ಸಾಬಕ್ಕಿ ಪಾಯಸ ಚೆಲ್ಲಿದ ಹಾಗಿತ್ತು. ಅಳಿಯ ಮೆಕ್ಯಾನಿಕ್ಕಿಗೆ ಫೋನ್ ಮಾಡಲು ಹೊರಟಿದ್ದ. ನಾನು ಒಂದು ಹಿಡಿ ಕಲ್ಲುಪ್ಪು ಎರಚಿದೆ. ಉಪ್ಪು ಬಿದ್ದರೆ ಆ ಜೆಲ್ಲಿ ಹಿಡಿದಿಟ್ಟ ನೀರು ಬಿಡುತ್ತದೆ, ಕುಗ್ಗುತ್ತದೆ. ಮೂವತ್ತು ವರ್ಷ ಪಾಠ ಮಾಡಿದ ರಸಾಯನಶಾಸ್ತ್ರಕ್ಕೆ ಅವತ್ತು ಸಿಕ್ಕ ಮರ್ಯಾದೆ ಶಾಲೆಯಲ್ಲೂ ಸಿಕ್ಕಿರಲಿಲ್ಲ.) ಘನ ಮಲವನ್ನು ಮೊದಲು ಕಕ್ಕಸಿಗೆ ಹಾಕಿ. ಆಮೇಲೆ ಡೈಪರನ್ನು ಬಿಗಿಯಾಗಿ ಸುತ್ತಿ, ಹಳೇ ಪೇಪರಿನಲ್ಲಿ ಕಟ್ಟಿ, ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಒಂದು ಗುರುತು ಹಾಕಿ. ಹಾಗೆ ಸುತ್ತಿಯೇ ಕೊಡಬೇಕೆಂದು ಘನತ್ಯಾಜ್ಯ ನಿಯಮಗಳಲ್ಲೇ ಬರೆದಿದೆ. ನೀವು ಕಟ್ಟುವ ಕಪ್ಪು ಕವರನ್ನು ಒಳಗೇನಿದೆ ಅಂತ ಗೊತ್ತಿಲ್ಲದೆ ಬರಿಗೈಯಲ್ಲಿ ಬಿಚ್ಚುವವರು ಗಾಡಿಯ ಹಿಂದೆ ನಿಂತ ಹೆಂಗಸರು. ಬಚ್ಚಿಟ್ಟರೆ ತೊಂದರೆ ಕೆಳಗಿನ ಮನೆಯವರಿಗಲ್ಲ, ಅವರಿಗೆ. ಸುಡಬೇಡಿ, ಕಾಲುವೆಗೂ ಎಸೆಯಬೇಡಿ ಅಂತ ನಿಮಗೆ ಹೇಳಬೇಕಾಗಿಲ್ಲ.

ಮಡಕೆ ಹುಳ? ಒದ್ದೆ ಹೆಚ್ಚಾಗಿದೆ ಅಷ್ಟೇ, ಒಣ ಎಲೆಯೋ ತೆಂಗಿನ ನಾರಿನ ಪುಡಿಯೋ ಸುರಿದರೆ ಸರಿಹೋಗುತ್ತದೆ. ಆದರೆ ನಾನಾದರೆ ಒಂದು ವರ್ಷ ಮಡಕೆ ಬೋರಲು ಹಾಕುತ್ತೇನೆ. ಹಸು ಕಟ್ಟಿದವರಿಗೆ ನಮ್ಮಲ್ಲಿ ಬರವೇ? ಹಾಲು ಹಾಕುವವರನ್ನು ಕೇಳಿ, ತರಕಾರಿ ಸಿಪ್ಪೆ ಸಂತೋಷವಾಗಿ ಒಯ್ಯುತ್ತಾರೆ. ಕೆಳಗಿನ ಮನೆಯವರಿಗೆ ಒಂದು ದಿನ ನೀವೇ ಹೇಳಿಬಿಡಿ, "ನಾನೂ ಡೈಪರ್ ಹಾಕ್ತಿದೀನಿ ರೀ" ಅಂತ. ಅವರು ನಗುತ್ತಾರೆ. ಆಮೇಲೆ ಮಗುವನ್ನು ಎತ್ತಿಕೊಳ್ಳುತ್ತಾರೆ, ನೀವು ಹತ್ತು ನಿಮಿಷ ಕೂತು ಕಾಫಿ ಕುಡಿಯಬಹುದು.

ಪ್ರಶ್ನೆ: ಜೂನ್‌ನಲ್ಲಿ ಮಗನ ಮೊದಲ ಹುಟ್ಟುಹಬ್ಬ. ನೂರು ಜನ. ಪ್ಲಾಸ್ಟಿಕ್ ಇಲ್ಲದೆ ಮಾಡೋಣ ಅಂತ ನಾನು, ಬಲೂನು, ಥರ್ಮಾಕೋಲ್ ಹೆಸರು, ರಿಟರ್ನ್ ಗಿಫ್ಟ್ ಇಲ್ಲದಿದ್ದರೆ ಅವಮಾನ ಅಂತ ಬಾವಮೈದ.
(ಒಬ್ಬ ಅಪ್ಪ, ಶ್ರೀನಿವಾಸಪುರ)

ಉತ್ತರ: ಬಾವಮೈದನಿಗೆ ಕಾನೂನು ತೋರಿಸಿ. ಅಲಂಕಾರದ ಥರ್ಮಾಕೋಲು, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ತಟ್ಟೆ ಲೋಟ ಚಮಚ ಎಲ್ಲವೂ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಅವಮಾನದ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಊಟಕ್ಕೆ ಶಾಮಿಯಾನದವರ ಹತ್ತಿರ ಸ್ಟೀಲ್ ತಟ್ಟೆ ಸಿಗುತ್ತದೆ, ಆದರೆ ನೂರು ತಟ್ಟೆ ತೊಳೆಯಲು ನೀರು ಎಲ್ಲಿಂದ? ನಮ್ಮ ಕಡೆಗೆ ಎಲೆಯೇ ಸರಿ. ಬಾಳೆ ಎಲೆ, ಸಿಕ್ಕರೆ ಮುತ್ತುಗದ ಎಲೆ. ಊಟವಾದ ಮೇಲೆ ಬಾಳೆ ಎಲೆ ಹಸುವಿಗೆ, ಮುತ್ತುಗದ್ದು ತಿಪ್ಪೆಗೆ. ಬೆಳ್ಳಿ ಬಣ್ಣದ ಪೇಪರ್ ತಟ್ಟೆ ತರಬೇಡಿ, ಅದರ ಮೇಲೆ ಪ್ಲಾಸ್ಟಿಕ್ ಪೊರೆ ಇರುತ್ತದೆ, ಹಸು ತಿಂದರೆ ಹೊಟ್ಟೆಯಲ್ಲೇ ಉಳಿಯುತ್ತದೆ. ಕುಡಿಯುವ ನೀರಿಗೆ ಲೋಟ ಮಾತ್ರ ಸ್ಟೀಲಿನದೇ ಬಾಡಿಗೆಗೆ ತನ್ನಿ. ಪುಟ್ಟ ಬಾಟಲಿಗಳನ್ನು ಅರ್ಧ ಕುಡಿದು ಇಟ್ಟು ಹೋಗುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ರಿಟರ್ನ್ ಗಿಫ್ಟ್? ಜೂನ್ ತಿಂಗಳು, ಶ್ರೀನಿವಾಸಪುರ. ಇಡೀ ರಾಜ್ಯಕ್ಕೆ ಮಾವು ಕಳಿಸುವ ಊರಲ್ಲಿ ಕೂತು ಚೀನಾದ ಪ್ಲಾಸ್ಟಿಕ್ ಕಾರು ಹಂಚಬೇಕೇ? ಮಗುವಿಗೆ ಎರಡರಂತೆ ಬಾದಾಮಿ ಹಣ್ಣು ಪೇಪರ್ ಚೀಲದಲ್ಲಿ ಕೊಡಿ. ಗೊರಟೆ ಬಗ್ಗೆ ಯೋಚಿಸಬೇಡಿ.

ಪ್ರಶ್ನೆ: ಸೊಸೆ ಓದಿದವಳು, ಸಂಬಳ ತರುತ್ತಾಳೆ. ಆದರೂ ಮಗುವಿಗೆ ಅವಳ ಅಕ್ಕನ ಮಗನ ಹಳೇ ಬಟ್ಟೆ ಹಾಕುತ್ತಾಳೆ. ನಾಲ್ಕು ಜನ ಏನನ್ನುತ್ತಾರೆ?
(ಅಜ್ಜಿ, ಮಾಲೂರು)

ಉತ್ತರ: ಅಮ್ಮಾ, ನಮ್ಮ ಮನೆಯಲ್ಲಿ ಹುಟ್ಟಿದ ಕೂಸಿಗೆ ಮೊದಲು ಹಳೇ ಬಟ್ಟೆಯನ್ನೇ ಹಾಕುತ್ತಿದ್ದರು, ಹೊಸದು ನಾಮಕರಣಕ್ಕೆ. ನಿಮ್ಮಲ್ಲೂ ಹಾಗೇ ಇದ್ದಿರಬೇಕು. ಹತ್ತು ಸಲ ಒಗೆದ ಬಟ್ಟೆ ಮೆತ್ತಗಿರುತ್ತದೆ, ಹೊಸ ಬಟ್ಟೆಯ ಗಂಜಿ, ಬಣ್ಣ ಮಗುವಿನ ಮೈಗೆ ತಾಗುವುದಿಲ್ಲ. ಆರು ತಿಂಗಳ ಅಂಗಿ ಒಂಬತ್ತನೇ ತಿಂಗಳಿಗೆ ಹಿಡಿಯುವುದಿಲ್ಲ, ಅದು ನಿಮಗೂ ಗೊತ್ತು.

ಆದರೆ ಅಜ್ಜಿಯ ಆಸೆಯೂ ಸುಳ್ಳಲ್ಲ. ಸೊಸೆಗೆ ನನ್ನ ಕಡೆಯಿಂದ ಹೇಳಿ: ಯುಗಾದಿಗೊಂದು, ಹುಟ್ಟುಹಬ್ಬಕ್ಕೊಂದು ಜೊತೆ ಬಟ್ಟೆ ಅಜ್ಜಿಯೇ ತರುತ್ತಾಳೆ, ತಕರಾರು ಮಾಡುವ ಹಾಗಿಲ್ಲ. ನೀವು ಒಂದು ಸೈಜು ದೊಡ್ಡದು ತನ್ನಿ. ಮತ್ತೆ ಆ ನಾಲ್ಕು ಜನ, ನನ್ನ ಮದುವೆಯಿಂದಲೂ ಅವರನ್ನು ಹುಡುಕುತ್ತಿದ್ದೇನೆ, ಸಿಕ್ಕರೆ ವಿಳಾಸ ಕಳಿಸಿ.

ಪ್ರಶ್ನೆ: ಏಳು ತಿಂಗಳ ಮಗುವಿಗೆ ಅಂಗಡಿ ಡಬ್ಬದ ಬದಲು ರಾಗಿ ಸರಿ ಕೊಡಬೇಕು ಅಂತ ಆಸೆ. ಮೊಳಕೆ ಕಟ್ಟಲು ಸಮಯವಿಲ್ಲ. ರೆಡಿ ಹಿಟ್ಟು ತಂದರೆ ತಪ್ಪೇ?
(ಬಂಗಾರಪೇಟೆ)

ಉತ್ತರ: ತಪ್ಪಿಲ್ಲ. ಮನೆಯಲ್ಲೇ ಮೊಳಕೆ ಕಟ್ಟಿ ಮಾಡಿಕೊಡುವ ಹೆಂಗಸರು ನಿಮ್ಮ ಊರಲ್ಲೂ ಇದ್ದಾರೆ, ಅವರಿಗೆ ನಾಲ್ಕು ಕಾಸು ಸಿಗಲಿ, ನಿಮ್ಮ ಸ್ಟೀಲ್ ಡಬ್ಬಿಯನ್ನೇ ಒಯ್ದು ತುಂಬಿಸಿಕೊಳ್ಳಿ. ಬೇರೇನೂ ಬೆರೆಸಬೇಡಿ, ಬರೀ ರಾಗಿ ಇರಲಿ ಅಂತ ಹೇಳಿ. ಎಂದಾದರೂ ರಜೆ ಸಿಕ್ಕಿದರೆ ಮನೆಯಲ್ಲಿ ಮಾಡಿ: ರಾತ್ರಿ ನೆನೆಸಿ, ಬೆಳಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು, ಬೀಸಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಅರ್ಧ ಕಿಲೋಕ್ಕಿಂತ ಹೆಚ್ಚು ಮಾಡಬೇಡಿ, ಇಟ್ಟರೆ ಮುಗ್ಗಲು ವಾಸನೆ ಬರುತ್ತದೆ. ಒಂದು ವರ್ಷ ತುಂಬುವ ತನಕ ಜೇನುತುಪ್ಪ ಮಾತ್ರ ನಾಲಿಗೆಗೂ ಸೋಕಿಸಬೇಡಿ, ಅಜ್ಜಿಯರು ಎಷ್ಟೇ ಹೇಳಲಿ.